ಹೊಳಿ ಸುತ್ತಿದ ಕಂಡಿಕಿ

ಗಾಡಿ ಹಿಂದಿನ ಚೀಲದಾಗ ಇವತ್ತ ಹನ್ನೊಂದು.
ಮುಳಗುಂದ ನಾಕಾದ ಡಾಕ್ಟರ ಮನೀದು ಒಂದು,
ಹಾಸ್ಟೆಲಿಂದು ನಾಕು, ಖಾನಾವಳೀದು ಎರಡು,
ಉಳಿದವು ಯಾರ್ಯಾರವೋ, ನೆನಪಿಲ್ಲ.
ಆರು ತಿಂಗಳ ಹಿಂದ ನಾನ ಹಾಕಿದ್ದೆ,
ಬೆಳ್ಳಗಿದ್ದವು, ಮದಿವಿ ರುಮಾಲಿನಂಗ.
ಈಗ ಬಿಚ್ಚಿದ್ರ
ಕೆಮ್ಮಣ್ಣು, ಲೋಳಿ, ಪೈಪಿನ ತುಕ್ಕು,
ಹರಿಯೂದ ಮರತ ಹೊಳಿ ವಾಸನಿ.

"ಇದನ್ನೇನ್ ಮಾಡ್ತೀಯೋ ದಾವಲಾ?"
ಮೂಗು ಮುಚಗೊಂಡ ಕೇಳ್ತಾರ.
ಕಂಪನಿಯವರು ಕೇಳೂದೂ ಇಲ್ಲ:
ಹೊಸಾದು ಹಾಕು, ಸ್ಟಿಕರ್ ಹಚ್ಚು, ನಡಿ.
ಗುಜರಿ ಯಮನೂರಪ್ಪ ತಕ್ಕಡಿಗೇ ಇಡೂದಿಲ್ಲ.
"ಒಳಗ ನೀರೈತಿ. ನೀರಿಗೆ ನಾ ರೊಕ್ಕ ಕೊಡಾಂವಲ್ಲ."
ನೀರಿಗೆ ರೊಕ್ಕ ಕೊಡದ ಮನಶಾ
ಈ ಊರಾಗ ಅವನೊಬ್ಬನ ಉಳದಾನ.

ಬೆಟಗೇರಿ ತುಳಜವ್ವನ ಮನಿಯಾಗ ಫಿಲ್ಟರ್ ಇಲ್ಲ.
ಹಿತ್ತಾಳಿ ಕೊಡದ ಬಾಯಿಗೆ ಹಳೇ ಸೀರಿ ಸೆರಗು,
ಎರಡು ಮಡಿಕಿ, ಅಷ್ಟ.
ಮಗ್ಗದವರಿಗೆ ಕಂಡಿಕಿ ಸುತ್ತಿ ಕೊಡತಾಳ,
ಡಜನಿಗೆ ಇಷ್ಟು ಅಂತ.
ಬಾಜೂ ಮನಿ ರಿಪೇರಿಗೆ ಹೋದಾಗ
ಅಕಿ ಕಟ್ಟಿ ಮ್ಯಾಲ ಇಟ್ಟಿದ್ದೆ ಒಂದು ಹಳೇದು.
ಮುಟ್ಟಿದ್ಲು. ಉಗುರಿಲೆ ಕೆದರಿದ್ಲು.
"ಇದು ದಾರ ಅಲ್ಲೇನೋ," ಅಂದ್ಲು.

ಹದಿನಾಲ್ಕು ವರ್ಷ ಈ ಕೆಲಸ ಮಾಡೇನಿ.
ನನಗ ಅದು ಕ್ಯಾಂಡಲ್ಲು, ಕಾರ್ಟ್ರಿಜ್ಜು,
ಐದು ಮೈಕ್ರಾನು, ನೂರಾ ಎಂಬತ್ತು ರೂಪಾಯಿ.
ದಾರ ಆಗಿ ಒಮ್ಮಿನೂ ಕಂಡಿರಲಿಲ್ಲ.

ತುದಿ ಹುಡುಕಿದ್ಲು. ರಾಟಿಗೆ ಹಚ್ಚಿದ್ಲು. ಎಳದ್ಲು.
ಹೊಳಿ ಬಿಚ್ಚಾಕ ಹತ್ತಿತು.
ಮೊದಲ ಕರೇ ಕಂದು, ಬೊಟ್ಟಿಗೆ ಹತ್ತೂವಂಥಾದ್ದು,
ಆಮ್ಯಾಲ ಇಟ್ಟಂಗಿ,
ಆಮ್ಯಾಲ ಚಹಾ, ಹಾಲು ಹೆಚ್ಚಾದ ಚಹಾ,
ಕಡೀಕ, ಕೊಳವಿ ಹತ್ರ,
ಯಾರೂ ಮುಟ್ಟದ ಬಿಳುಪು.

ನಾ ಶಾಣ್ಯಾನಂಗ ಹೇಳಿದೆ:
"ನೋಡಬೇ, ಈ ಕರೇದು ಆಷಾಢದ ಕೆಂಪು ನೀರು,
ಈ ಬಿಳೀದು ಬ್ಯಾಸಗೀದು..."
ನಕ್ಕಳು. ರಾಟಿ ನಿಲ್ಲಿಸಲಿಲ್ಲ.
"ಕಸಕ್ಕ ಪಂಚಾಂಗ ಎಲ್ಲೀದೋ ಹುಚ್ಚಾ.
ದಪ್ಪಂದು ಹೊಸ್ತಿಲದಾಗ ನಿಂದರತೈತಿ,
ಸಣ್ಣದು ಅಡಿಗಿ ಮನೀತನಕ ಬರತೈತಿ.
ಕಣ್ಣಿಗೆ ಕಾಣದ್ದು
ನಿನ್ನ ಬಿಳೀ ದಾರಾನೂ ದಾಟಿ
ಹೊಟ್ಟಿಗೆ ಹೋಗತೈತಿ."

ನಾ ಬಾಯಿ ಮುಚ್ಚಿದೆ.
ತಗದ್ರ ಹಲ್ಲ ಕಾಣತಾವು:
ಮುಂಡರಗಿ ಕಡೆ ನಮ್ಮೂರ ಬೋರಿನ ನೀರು
ಹಾಲಹಲ್ಲು ಬಿದ್ದ ಮ್ಯಾಲ ಬರದ ಕಂದು ಗೀಟು.
ತಿಳಿ ನೀರು ಅದು. ಮಾರಿ ನೋಡಕೋಬೇಕು, ಹಂಗ.
ನಮ್ಮವ್ವನ ಯಾವ ಸೆರಗಿನಾಗೂ
ಏನೂ ನಿಂದರಲಿಲ್ಲ.

ಎರಡು ದಿನ ಸೋಡಾದಾಗ ನೆನೆಹಾಕಿದ್ಲು.
ಬಣ್ಣ ಅರ್ಧ ಬಿಡ್ತು, ಅರ್ಧ ಬಿಡಲಿಲ್ಲ.
"ಹತ್ತಿ ಅಲ್ಲ ಇದು. ನೀರು ಕುಡಿಯೂದಿಲ್ಲ,
ಬರೇ ಹಿಡಕೊಂಡ ಕುಂಡ್ರತೈತಿ," ಅಂದ್ಲು.
ತೂತಿನ ಕೊಳವಿ ತಿರುವಿ ತಿರುವಿ ನೋಡಿದ್ಲು.
"ಹಗರ ಐತಿ. ಕಂಡಿಕಿಗೆ ಬೇಷ್."

ಎಲ್ಲಾ ಬಿಚ್ಚೂವಂಥಾವಲ್ಲ, ಸುಳ್ಳ ಯಾಕ ಹೇಳಲಿ.
ಹನ್ನೊಂದರಾಗ ಮೂರು ದಾರದವು.
ಉಳಿದವು ಕರಗಿಸಿ ಒತ್ತಿದವು, ಅವಕ್ಕ ತುದೀನ ಇಲ್ಲ.
ಇದ್ದಿಲಿನವು ಬ್ಯಾರೆ, ಪೊರಿ ಸುತ್ತಿದವು ಬ್ಯಾರೆ.
ಅವೆಲ್ಲ ನಮ್ಮ ಹಿತ್ತಲದಾಗ ಗುಡ್ಡಿ ಬಿದ್ದಾವ,
ಮಳಿ ಬಂದಾಗೊಮ್ಮೆ ನೆನೀತಾವ,
ಮತ್ತ ಸೋಸತಾವ, ಯಾರಿಗಂತ ಗೊತ್ತಿಲ್ಲ.
ನಮ್ಮಾಕಿ ದಿನಾ ಬೈತಾಳ.

ಶ್ರಾವಣದಾಗ ಹೋದೆ.
ತುಳಜವ್ವನ ಬಾಗಲದಾಗ ಒಂದು ಹಾಸು,
ಮೊಳದುದ್ದ, ಬಣ್ಣ ಹಾಕದ್ದು:
ಕಂದು, ಇಟ್ಟಂಗಿ, ಚಹಾ, ಬಿಳುಪು.
ಈ ಪಟ್ಟಿ ಡಾಕ್ಟರದು. ಇದು ಹಾಸ್ಟೆಲ್ ಹುಡುಗೂರದು.
ಈ ಎಣ್ಣಿ ಮಿಂಚು ಖಾನಾವಳೀದ ಇರಬೇಕು.
ಓಣಿ ತುಂಬ ರಾಡಿ. ಚಪ್ಪಲಿ ಬಿಟ್ಟು ನಿಂತೆ.
ಕಾಲಿಡಾಕ ಮನಸ ಬರಲಿಲ್ಲ,
ಇಡೀ ಗದಗ ಕುಡದ ನೀರಿನ ಮ್ಯಾಲ.

"ಒರಸೋ, ಅದೇನ್ ದೇವರ ಜಗಲಿಯೇನ,"
ಒಳಗಿಂದ ಕೂಗಿದ್ಲು.
"ಮುಂದಿನ ಸಲ ಬರೂವಾಗ ಇನ್ನೆರಡು ತಾ.
ಅಗಲ ಸಾಲವಲ್ದು."