ಏಳನೆಯ ಕಿತ್ತಳೆ

ಹೊಳೆಯ ವೇಗ ಅಳೆಯಲೆಂದು
ವಿಶ್ವವಿದ್ಯಾಲಯ ಕೊಟ್ಟ ಉಪಕರಣ
ಬಸ್ಸಿನ ತಲೆಯಿಂದ ಬಿದ್ದು ಒಡೆದಿತ್ತು.
ಒಂಜಾ ಸಂತೆಗೆ ಹೋಗಿ ಕಿತ್ತಳೆ ಕೊಂಡಳು,
ಒಂದು ಡಜನ್, ಚೌಕಾಶಿ ಮಾಡದೆ.

ಹತ್ತು ಮೀಟರ್ ಹಗ್ಗ, ಎರಡು ಗೂಟ.
ಮೇಲೆ ನಿಂತು ಅವಳು ತೇಲಿಬಿಡಬೇಕು,
ಕೆಳಗೆ ಹುಡುಗ ತ್ಸಿರಿ 'ಬಂತು' ಎಂದು ಕೂಗಬೇಕು.
ಹದಿನಾಲ್ಕು ಸೆಕೆಂಡು. ಹದಿಮೂರೂವರೆ. ಹದಿನಾಲ್ಕು.
ಏಳನೆಯದು ಬರಲೇ ಇಲ್ಲ.
"ಸುಳಿಗೆ ಸಿಕ್ಕಿತು" ಎಂದ ತ್ಸಿರಿ
ಗಲ್ಲ ಒರೆಸಿಕೊಳ್ಳುತ್ತ.
ಪಟ್ಟಿಯಲ್ಲಿ ಬರೆದಳು: ದತ್ತಾಂಶ ಲಭ್ಯವಿಲ್ಲ.

ಮಂಗಳವಾರ ಇಲ್ಲಿ ನೀರಿಗೆ ಇಳಿಯುವಂತಿಲ್ಲ. ಫಾದಿ.
ಮಡಿಯಲ್ಲ, ಮೈಲಿಗೆಯಲ್ಲ,
ಮಡಗಾಸ್ಕರಿನ ಈ ಕೆಂಪು ಗುಡ್ಡಗಳಲ್ಲಿ
ಹಿರಿಯರು ಬೇಡ ಅಂದದ್ದು, ಅಷ್ಟೇ.
ಆ ದಿನ ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗಿದಳು.
ಪ್ರಶ್ನೆ ಹದಿನೆಂಟು:
ಬೆಳಕಿಗಾಗಿ ತಿಂಗಳಿಗೆ ಎಷ್ಟು ಕೊಡಬಲ್ಲಿರಿ?

ಬಾಕುಲಿ ಅಜ್ಜಿ ಭತ್ತ ಕುಟ್ಟುವುದನ್ನು ನಿಲ್ಲಿಸಲಿಲ್ಲ.
ಒನಕೆ ಏರಿದಾಗ ಒಂದು ಮಾತು, ಇಳಿದಾಗ ಒಂದು.
"ಬೆಳಕು ಯಾರಿಗೆ ಬೇಕು ಮಗಳೇ.
ಈ ಕೈ ಹೇಗಾಗಿದೆ ಅಂತ
ರಾತ್ರಿಯೂ ನೋಡಬೇಕಾ ನಾನು?
ಬಾ, ಒಂದು ತೋರಿಸುತ್ತೇನೆ."

ಗುಡ್ಡದ ಬೆನ್ನಿಗೆ ತಗಡಿನ ಗೂಡು.
ಒಳಗೆ, ಟರ್ಬೈನಿನ ಹೊಟ್ಟೆಯಲ್ಲಿ
ಕೋಳಿ ಕಾವಿಗೆ ಕೂತಿತ್ತು.
ಗೋಡೆಯ ಫಲಕದಲ್ಲಿ ಮೂರು ದೇಶದ ಬಾವುಟ,
ಹನ್ನೊಂದು ವರ್ಷ ಹಿಂದಿನ ತಾರೀಖು,
ಕೆಟ್ಟರೆ ಕರೆಯಲು ಒಂದು ನಂಬರು.
"ಕರೆದೆವು," ಅಂದಳು ಅಜ್ಜಿ,
"ದಿಬ್ಬ ಹತ್ತಿ, ಸಿಗ್ನಲ್ಲು ಹುಡುಕಿ, ಊರೆಲ್ಲ ಸರದಿಯಲ್ಲಿ.
ಆ ನಂಬರು ಈಗ ಯಾರದೋ ಮೀನಿನಂಗಡಿಯದು."

ಗ್ರಂಥಾಲಯದಲ್ಲಿ ಒಂಜಾ ಓದಿದ್ದಳು
ಈ ಊರಿನ ಹೆಸರಿದ್ದ ಹಳೆಯ ಪ್ರಬಂಧ.
ಕೊನೆಯ ಸಾಲು: ಯೋಜನೆ ಯಶಸ್ವಿ.
ಬರೆದ ದಿನ ಅದು ನಿಜವೇ ಇತ್ತು, ಪಾಪ.

ಕೋಳಿಯನ್ನು ಎಬ್ಬಿಸಲು ಅಜ್ಜಿ ಒಪ್ಪಲಿಲ್ಲ.
ಎರಡು ವಾರ ಕಾದು, ಮರಿಗಳು ಅಂಗಳಕ್ಕಿಳಿದ ಮೇಲೆ ಬಿಚ್ಚಿದರು.
ಸತ್ತದ್ದು ಒಂದೇ ಒಂದು ಬೇರಿಂಗು,
ಮಗುವಿನ ಬಳೆಯಷ್ಟು ಅಗಲ.
ಪೇಟೆಯಲ್ಲಿ ಅದರ ಬೆಲೆ
ಅದೇ ಕೋಳಿ, ಜೊತೆಗೆ ಅರ್ಧ ಮೂಟೆ ಅಕ್ಕಿ.
ಕೋಳಿ ಕೊಡುವುದಿಲ್ಲ ಎಂದಳು ಅಜ್ಜಿ.
ಊರು ಅಕ್ಕಿಯನ್ನೇ ಹೆಚ್ಚು ಒಟ್ಟುಮಾಡಿತು,
ಸೇರು ಸೇರಾಗಿ, ಜಗಳವಾಡುತ್ತ.

ಮೌಖಿಕ ಪರೀಕ್ಷೆಯಲ್ಲಿ ಕನ್ನಡಕ ಹಣೆಗೇರಿಸಿ ಕೇಳಿದರು:
ಹನ್ನೊಂದು ಮೀಟರ್ ಎತ್ತರ, ಸೆಕೆಂಡಿಗೆ ಅರವತ್ತು ಲೀಟರು,
ಅರ್ಧ ಸೋರಿಹೋದರೂ ಮೂರು ಕಿಲೋವ್ಯಾಟು.
ಇದೆಲ್ಲ ಹಳೆಯ ಪುಸ್ತಕದಲ್ಲೇ ಇದೆಯಲ್ಲ,
ಇದರಲ್ಲಿ ಹೊಸತೇನು?
ಹೊಸತು, ಅಂದಳು ಒಂಜಾ,
ಗ್ರೀಸು ಹಾಕುವ ದಿನಗಳನ್ನು ಗೋಡೆಯ ಮೇಲೆ ಬರೆದಿದ್ದೇವೆ.
ಹಳೆಯ ನಂಬರು ಅಳಿಸಿ ನನ್ನದು ಬರೆದಿದ್ದೇನೆ.
ಯಾರೂ ನಗಲಿಲ್ಲ. ಎರಡನೇ ದರ್ಜೆ ಕೊಟ್ಟರು.

ಇವತ್ತು ರಾಜಧಾನಿಯ ಹಾಸ್ಟೆಲಿನಲ್ಲಿ ಮತ್ತೆ ಕರೆಂಟಿಲ್ಲ.
ಮೇಣದಬತ್ತಿ ಹುಡುಕುವಷ್ಟರಲ್ಲಿ ಫೋನು.
"ಅಕ್ಕಾ, ಸದ್ದು ಬೇರೆ ಥರ ಬರ್ತಿದೆ, ಕೇಳು"
ಎಂದು ತ್ಸಿರಿ ಅದನ್ನು ಯಂತ್ರದ ಪಕ್ಕೆಗೆ ಹಿಡಿಯುತ್ತಾನೆ.
ಅವರ ಮಾತಿನಲ್ಲಿ ಒಂಜಾ ಅಂದರೆ ಅಲೆ.
ಕತ್ತಲಲ್ಲಿ ಕಿವಿಯೊತ್ತಿ ಕೇಳುತ್ತಾಳೆ:
ನೀರು. ಅಕ್ಕಿ ಗಿರಣಿಯ ಗೊರಗೊರ.
ಸಾಲಿನಲ್ಲಿ ನಿಂತ ಹೆಂಗಸರು ಯಾರನ್ನೋ ಆಡಿಕೊಳ್ಳುತ್ತಿದ್ದಾರೆ.
ನಡುವೆ ಪಟಪಟ ಬಡಿಯುವ ಬೆಲ್ಟು.
ಒನಕೆಯದು ಮಾತ್ರ ಎಲ್ಲೂ ಇಲ್ಲ.

"ಬೆಲ್ಟು ಸಡಿಲಾಗಿದೆ. ಮೊದಲು ನೀರು ನಿಲ್ಲಿಸು,
ಆಮೇಲೆ ಎರಡು ಸುತ್ತು ಬಿಗಿ ಮಾಡು."
"ಹೂಂ." ಸ್ವಲ್ಪ ಹೊತ್ತು ಬರೀ ಉಸಿರು.
"ಅಕ್ಕಾ, ಅವತ್ತಿನ ಆ ಏಳನೆಯ ಕಿತ್ತಳೆ..."
"ಗೊತ್ತು ಕಣೋ."
"ತುಂಬ ಹುಳಿ ಇತ್ತು."