ಮೊಟ್ಟೆ ಮೇಲಿರಲಿ

ಸಂಬಳ ಎಂಬುದಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ,
ಈಗಿನವರು ಕೇಳುತ್ತಾರೆ, ತಿಂಗಳಿಗೆಷ್ಟು ಕೊಡುತ್ತಿದ್ದರು ಅಂತ.
ಕೊಡುತ್ತಿರಲಿಲ್ಲ. ನಾವೇ ಕೊಟ್ಟೆವು,
ಏಪ್ರನ್ನಿಗೆ, ಕೆಂಪು ಟೋಪಿಗೆ.
ಬಿಳಿ ಬಟ್ಟೆ, ಸಣಕಲು ಮೈ, ಮೇಲೊಂದು ಕೆಂಪು ತಲೆ:
ತೊಲೂಕಾದ ಜನ ನಮ್ಮನ್ನು ಕರೆದದ್ದು
ಬೆಂಕಿಕಡ್ಡಿಗಳು ಎಂದು.

ನನಗೆ ಹನ್ನೆರಡು.
ಗಲ್ಲೆಯ ಆಚೆ ಕೊನೆಯಲ್ಲಿ,
ಸಾಮಾನು ಜಾರಿ ಬಂದು ನಿಲ್ಲುವಲ್ಲಿ ನನ್ನ ಜಾಗ.
ದೋನ್ ಫಿದೆನ್ಸಿಯೊ ದಿನಾ ಉಗುರು ನೋಡುತ್ತಿದ್ದ,
ಕಿವಿಯ ಹಿಂದೆ ಕೂಡ.
"ಭಾರದ್ದು ತಳಕ್ಕೆ. ಸೋಪು ಬೇರೆ, ಬ್ರೆಡ್ಡು ಬೇರೆ.
ಮೊಟ್ಟೆ ಮೇಲಿರಲಿ.
ಮತ್ತೆ, ಯಾರೂ ಕೈ ಚಾಚಕೂಡದು.
ಖಾಲಿ ಇಟ್ಟುಕೊಂಡಿದ್ದರೆ ಸಾಕು,
ಕಾಣುವವರಿಗೆ ಕಾಣುತ್ತದೆ."

ಎಲ್ಲರಿಗೂ ಕಾಣುತ್ತಿರಲಿಲ್ಲ.
ತುಪ್ಪಳದ ಕೋಟಿನಾಕೆ ಪೆಪ್ಪರಮಿಂಟು ಕೊಟ್ಟಳು,
ಕರಗಿ ಕಾಗದಕ್ಕಂಟಿದ್ದು.
ವೈನು ಕೊಂಡಾತ ಬುದ್ಧಿಮಾತು ಕೊಟ್ಟ: ಚೆನ್ನಾಗಿ ಓದು ಮಗೂ.
ಹದಿನಾರು ಡಬ್ಬಿ ನಾಯಿಯೂಟವನ್ನು
ಕಾರಿನವರೆಗೂ ನನ್ನ ಕೈಲಿ ಹೊರಿಸಿದವನು
ಕಿಟಕಿಯಲ್ಲಿದ್ದ ನಾಯಿಗೆ ನನ್ನ ಹೆಸರು ಹೇಳಿಕೊಟ್ಟ.
ಒಬ್ದೂಲಿಯಾಗೆ ನಮಸ್ಕಾರ ಹೇಳು ಎಂದ. ಹೊರಟ.

ಒಬ್ಬನಿದ್ದ, ಮೈತುಂಬ ಸುಣ್ಣ,
ಎರಡು ಬನ್ನು, ಒಂದು ಕೋಲಾ.
ಉಳಿದ ಚಿಲ್ಲರೆ ಎಣಿಸದೆ ಸುರಿದು ಹೋದ.
ಮರುದಿನ ಅವನಿಗಾಗಿ ಕಾದೆ.
ಬಂದ. ಎಲಿಗಿಯೊನ ಸಾಲಿಗೆ ಹೋದ.
ಎಲಿಗಿಯೊನ ಜೊತೆ ಒಂದು ವಾರ ಮಾತು ಬಿಟ್ಟೆ.

ಮೊದಲ ದಿನದ ಗಳಿಕೆ ಹದಿನೇಳೂವರೆ ಪೆಸೊ,
ಕಾಲುಚೀಲದಲ್ಲಿ, ಆ ಊರಿನ ಚಳಿಯಂತೆಯೇ ತಣ್ಣಗೆ.
ಅಮ್ಮ ಮೇಜಿನ ಮೇಲೆ ಸಾಲಾಗಿ ಜೋಡಿಸಿ
ಒಂದನ್ನು ಬೆರಳತುದಿಯಿಂದ ನನ್ನತ್ತ ತಳ್ಳಿದಳು.
"ಬಹಳ ಉಪಕಾರ, ಸೆನ್ಯೋರಾ" ಎಂದೆ,
ಬಾಯಿಗೆ ಆಗಲೇ ರೂಢಿಯಾಗಿತ್ತು.
ಅವಳು ನಗಲಿಲ್ಲ.
ಇನ್ನೊಂದು ಕಾಲುಚೀಲದಲ್ಲಿದ್ದ ಐದರ ನಾಣ್ಯವನ್ನು
ನಾನು ಹೇಳಲಿಲ್ಲ.

ಈಗ ಮಕ್ಕಳನ್ನು ನಿಲ್ಲಿಸುವಂತಿಲ್ಲ ಆ ಅಂಗಡಿಯಲ್ಲಿ.
ಮುದುಕರು ನಿಲ್ಲುತ್ತಾರೆ. ಸಂಬಳ ಆಗಲೂ ಇಲ್ಲ, ಈಗಲೂ ಇಲ್ಲ.
ಹೋದ ಶನಿವಾರ ನನ್ನ ಈರುಳ್ಳಿ ಎತ್ತಿಕೊಂಡ ಕೈಯ ಮೇಲೆ
ಉಗುರು ಒಪ್ಪವಾಗಿ ಕತ್ತರಿಸಿತ್ತು.
ತಲೆಯೆತ್ತಿದೆ.
ಕೆಂಪು ಟೋಪಿ, ಒಂದಳತೆ ದೊಡ್ಡದು, ಕಿವಿಯವರೆಗೆ ಇಳಿದಿತ್ತು.

ಹತ್ತು ಕೊಡಲೇ? ಹತ್ತು ಎಲ್ಲರೂ ಕೊಡುತ್ತಾರೆ.
ಐವತ್ತರ ನೋಟೇ?
ಅವನು ನನ್ನನ್ನು ಶಾಲೆಗೆ ತಡವಾಗದಂತೆ ಬೇಗ ಬಿಟ್ಟ ದಿನಗಳಿದ್ದವು,
ಉಗುರಿನಲ್ಲಿ ಮಣ್ಣಿದೆಯೆಂದು ಖಾಲಿ ಕೈಯಲ್ಲಿ ಮನೆಗಟ್ಟಿದ ದಿನಗಳೂ.
ಎರಡಕ್ಕೂ ಸೇರಿ ಎಷ್ಟಾಗುತ್ತದೆ?

ಸೋಪು ಬೇರೆ ಮಾಡಿದ. ಮೊಟ್ಟೆ ಮೇಲಿಟ್ಟ.
ನನ್ನ ಗುರುತು ಹತ್ತಲಿಲ್ಲ, ಅಥವಾ ಹತ್ತಿತು.
ಕೈ ಚಾಚಲಿಲ್ಲ.
ಅದು ಅಲ್ಲಿ ಇತ್ತು, ಅಷ್ಟೇ, ಅಂಚಿನ ಮೇಲೆ.

ಹಿಂದಿನವಳ ತಳ್ಳುಗಾಡಿ ಹಿಮ್ಮಡಿಗೆ ತಾಕಿತು.
ಪರ್ಸಿನೊಳಗೆ ನನ್ನ ಬೆರಳು
ಇನ್ನೂ ಎಣಿಸುತ್ತಲೇ ಇದ್ದವು.