ಟಿಕೆಟ್ ಗೂಡಿನಿಂದ

ವಾಲ್ಪರೈಸೊದ ಈ ಗುಡ್ಡ ಹತ್ತಲು
ನಮ್ಮಲ್ಲಿ ಎರಡು ಮರದ ಡಬ್ಬಿಗಳಿವೆ.
ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು,
ಎರಡಕ್ಕೂ ಒಂದೇ ಉಕ್ಕಿನ ಹಗ್ಗ.
ಮೇಲೆ, ಚಕ್ರದ ಕೋಣೆಯಲ್ಲಿ, ನನ್ನಣ್ಣ ಎಲಾಡಿಯೊ.
ಕೆಳಗೆ ಚಿಲ್ಲರೆ ಎಣಿಸುತ್ತ ನಾನು.

ಅವನ ಏರಿಳಿತ ಗುಡ್ಡಕ್ಕೆಲ್ಲ ಗೊತ್ತು.
ಏರಿದ ವರ್ಷ ಒಂದೇ ರಾತ್ರಿಯಲ್ಲಿ
ಡಬ್ಬಿಗೆ ಹಳದಿ ಬಳಿದ, ಕಿಟಕಿಯ ಗಾಜಿಗೂ ಬಳಿದ.
ಹನಿ ಮಳೆಯಿಲ್ಲದ ಜನವರಿಯಲ್ಲಿ
ಹನ್ನೊಂದು ಕೊಡೆ ಕೊಂಡು ತಂದ.
ಐದು ದಿನ ಕಣ್ಣು ಮುಚ್ಚಲಿಲ್ಲ;
ಒಂದು ಸಿಗರೇಟಿನ ಕೆಂಡದಿಂದ ಇನ್ನೊಂದನ್ನು ಹಚ್ಚುತ್ತ
"ಸಮುದ್ರದ ತಳಕ್ಕೂ ಒಂದು ಹಳಿ ಹಾಕೋಣ ನೆಲಿ" ಅಂದ.
ಒಂದು ಕ್ಷಣ, ದೇವರಾಣೆ, ನಾನೂ ನಂಬಿದೆ.

ಇಳಿದ ವರ್ಷ ಮಂಚವೇ ಅವನ ಊರು.
ಬ್ರೆಡ್ಡು, ಸಕ್ಕರೆ ಸುರಿದ ಚಹಾ, ಗೋಡೆ.
ಗುಳಿಗೆಗಳು ಅವನನ್ನು ನೆಲಕ್ಕೆ ತಂದವು, ಸುಳ್ಳಲ್ಲ;
ಹೊಟ್ಟೆಯನ್ನೂ ತಂದವು.
ಮೊಳೆ ಕಾಯಿಸಿ ಬೆಲ್ಟಿನ ತುದಿಗೆ
ಮೂರು ತೂತು ಕೊರೆದು ಕೊಟ್ಟವಳು ನಾನೇ.

ಇಪ್ಪತ್ತೆರಡು ವರ್ಷ ಮನಸ್ಸಿನ ಡಾಕ್ಟರು ಕೇಳಿದರು:
ನಿದ್ದೆ ಹೇಗಿದೆ? ಯೋಚನೆ ಓಡುತ್ತಿದೆಯೇ?
ಒಳ್ಳೆಯವರೇ, ಕ್ರಿಸ್ಮಸ್ಸಿಗೆ ಕೈಕುಲುಕುತ್ತಿದ್ದರು.
ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದವರು
ಒಬ್ಬರೂ ಇಲ್ಲ.
ತಲೆ ಒಂದು ಕಟ್ಟಡದಲ್ಲಿ, ಎದೆ ಇನ್ನೊಂದರಲ್ಲಿ,
ನಡುವೆ ಬಸ್ಸು ಬದಲಿಸಬೇಕು.

ಮೊದಲ ಸಲ ಎದೆ ಹಿಡಿದುಕೊಂಡು ಹೋದಾಗ
ತುರ್ತು ಕೋಣೆಯ ಹುಡುಗ ಕಡತದ ಮೊದಲ ಸಾಲು ಓದಿದ,
ಎರಡನೆಯದಕ್ಕೆ ಹೋಗಲಿಲ್ಲ.
ಆತಂಕ, ಅಂದ. ಮನೆಗೆ ಕಳಿಸಿದ.

ಅವನನ್ನು ಬೈದು ಏನು ಫಲ? ನಾನೇನು ಕಡಿಮೆಯೇ?
ಎರಡನೆಯ ಸಲ, ಮಂಗಳವಾರ, ಮೊದಲ ಪಾಳಿ,
ಗೋಡೆಯ ಫೋನು ಬಡಿದುಕೊಂಡಿತು:
"ನೆಲಿ, ಎಡಗೈ ನನ್ನದಲ್ಲ ಅನ್ನಿಸ್ತಿದೆ."
ನಾನು ಹೇಳಿದ್ದು ಈಗಲೂ ಗಂಟಲಲ್ಲಿ ಮೀನಿನ ಮುಳ್ಳು:
"ಮತ್ತೆ ಶುರುವಾಯಿತಾ ನಿನ್ನದು?"
ಫೋನಿಟ್ಟೆ. ಒಬ್ಬ ಮುದುಕಿಗೆ ಐವತ್ತು ಪೆಸೊ ವಾಪಸು ಕೊಟ್ಟೆ.

ಡಬ್ಬಿ ಅರ್ಧ ದಾರಿಯಲ್ಲಿ ನಿಂತಿತ್ತು.
ಯಾರೋ ಒಳಗಿಂದ ಕೈಬೀಸುತ್ತಿದ್ದರು.
ನೂರ ಅರವತ್ತೊಂದು ಮೆಟ್ಟಿಲು ಓಡಿದೆ.
ನನ್ನೆದೆಯೂ ಹುಚ್ಚೆದ್ದು ಬಡಿಯುತ್ತಿತ್ತು ಆಗ;
ಅದಕ್ಕೆ ಯಾರೂ ಕಾಯಿಲೆಯ ಹೆಸರಿಟ್ಟಿಲ್ಲ.

ಅವನು ನೆಲದ ಮೇಲೆ.
ಬೀಳುವ ಮೊದಲು ಬ್ರೇಕಿನ ಹಿಡಿಯನ್ನು
ಕೊನೆಯ ಹಲ್ಲಿನ ತನಕ ಎಳೆದಿದ್ದ.
ಡಬ್ಬಿಯಲ್ಲಿ ಆರು ಜನರಿದ್ದರು.

ಬದುಕಿದ. ಎರಡು ಸ್ಟೆಂಟು ಒಳಗೆ.
"ಐವತ್ತೊಂದಕ್ಕೇ?" ಎಂದು ಕೇಳಿದೆ.
ನರ್ಸ್ ಕಾತ್ರಿಲೆಯೊ ತಲೆಯೆತ್ತದೆ ಅಂದಳು:
"ಇಂಥವರ ಹೃದಯ ಬೇಗ ಮುದಿಯಾಗುತ್ತದೆ.
ಯಾರೂ ನೋಡದಿದ್ದರೆ ಇನ್ನೂ ಬೇಗ."
ಲಿಥಿಯಂ ನುಂಗುವವನಿಗೆ ಈ ಬಿಪಿ ಗುಳಿಗೆ ಕೂಡದೆಂದು
ಎರಡೂ ಕಟ್ಟಡಗಳಿಗೆ ಫೋನು ಹಚ್ಚಿ
ನಲವತ್ತು ನಿಮಿಷ ಕಾದಳು, ಊಟದ ಹೊತ್ತಿನಲ್ಲಿ.
ಆಮೇಲೆ ಎರಡು ಕಡತಗಳನ್ನೂ ಸೇರಿಸಿ
ತನ್ನ ಕೂದಲಿನ ರಬ್ಬರ್ ತೆಗೆದು ಕಟ್ಟಿದಳು.

ಈಗ ಭಾನುವಾರ ಅವನು ಹಗ್ಗಕ್ಕೆ ಗ್ರೀಸು ಹಚ್ಚುತ್ತಾನೆ,
ನಾನು ಅವನ ತೋಳಿಗೆ ಪಟ್ಟಿ ಕಟ್ಟುತ್ತೇನೆ.
ಆಲೂಗಡ್ಡೆ, ಸೋಪು, ನೂರ ಮೂವತ್ತೆಂಟು–ಎಂಬತ್ತಾರು:
ಎಲ್ಲ ಒಂದೇ ಪುಸ್ತಕದಲ್ಲಿ.
ಏರುವುದು ನಿಂತಿಲ್ಲ, ಇಳಿಯುವುದೂ.
ಸಿಗರೇಟು ಬಿಟ್ಟೆ ಅನ್ನುತ್ತಾನೆ; ಅಂಗಿ ಬೇರೆ ಹೇಳುತ್ತದೆ.

ನಿನ್ನೆ ಸಂಜೆ ಮತ್ತೆ ಗೋಡೆಯ ಫೋನು.
"ನೆಲಿ."
"ಏನಾಯ್ತು? ಎದೆಯಾ? ಕೈಯಾ?"
"ಏನಿಲ್ಲ ಮಾರಾಯ್ತಿ, ದೊಡ್ಡ ಹಡಗೊಂದು ಬರ್ತಿದೆ,
ಪೂರಾ ಕೆಂಪು. ನೋಡು ಅಂತ."
ಗೂಡಿನಿಂದ ಸಮುದ್ರ ಕಾಣುವುದಿಲ್ಲ, ಅವನಿಗೂ ಗೊತ್ತು.
"ಹೌದು, ಕೆಂಪು" ಅಂದೆ.
ನಾನಾಗಲೇ ಎದ್ದು ನಿಂತಿದ್ದೆ,
ಚಿಲ್ಲರೆ ನೆಲದ ತುಂಬ.